ವಿಕ್ಕಾ ಸೈತಾನನ ಪೂಜೆಯಲ್ಲ, ನಮ್ಮ ಭೂತಾರಾಧನೆಯೂ ಅಲ್ಲ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ಹ್ಯಾಲೋವೀನ್ ನೆಪದಲ್ಲಿ ‘ವಿಕ್ಕಾ’ ಎಂಬ ಮತದ ಕುರಿತು ಅರ್ಧ ಪುಟದ ಲೇಖನ ಬಂದಿತ್ತು. ಇದು ಸೈತಾನನ ಪೂಜೆ ಎಂದು ಲೇಖಕರು ಆರಂಭದಲ್ಲೇ ಬರೆದಿದ್ದಾರೆ. ಮುಂದೆ, ಇದು ಸಾವಿರಾರು ವರ್ಷಗಳಿಂದ ಗುಟ್ಟಾಗಿ ಉಳಿದು ಬಂದ ಮತ ಎಂದಿದ್ದಾರೆ. ಕೊನೆಯ ಪ್ಯಾರಾದಲ್ಲಿ, ತುಳುನಾಡಿನ ಭೂತಾರಾಧನೆಯೂ ಇದೇ ಬಗೆಯ ವಾಮಾಚಾರ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ್ದಾರೆ. ಮೂರೂ ತಪ್ಪು. ಅದರಲ್ಲೂ ಕೊನೆಯ ಮಾತು ಕಾಸರಗೋಡಿನ ಓದುಗರಿಗೆ ತೀರ ನೋವು ಕೊಡುವಂಥದ್ದು. ಸ್ವಲ್ಪ ಉದ್ದವಾದರೂ ಈ ಪತ್ರವನ್ನು ಪ್ರಕಟಿಸಬೇಕೆಂದು ವಿನಂತಿ.

ನಾನು ಬದಿಯಡ್ಕ ಸಮೀಪದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಗಳು ದಕ್ಷಿಣ ಇಂಗ್ಲೆಂಡಿನ ಬೋರ್ನ್‌ಮತ್‌ನಲ್ಲಿ ನರ್ಸ್. ಅವಳ ಬಾಣಂತನಕ್ಕೆಂದು ಹೋಗಿ ಒಂದು ಚಳಿಗಾಲವನ್ನು ಅಲ್ಲಿ ಕಳೆದೆ. ವಿಕ್ಕಾ ಹುಟ್ಟಿದ ಊರು ಅಲ್ಲಿಂದ ಬಸ್ಸಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಷ್ಟು ಹತ್ತಿರ. ಮಗಳ ನೆರೆಮನೆಯಲ್ಲೇ ಆ ಮತದ ಹೆಂಗಸೊಬ್ಬರು ಇದ್ದರು. ಆಮೇಲೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ.

ಹುಟ್ಟಿನ ವಿಚಾರದಿಂದಲೇ ಆರಂಭಿಸುತ್ತೇನೆ. ಅದು ಸರಿಯಾಗಿ ಗೊತ್ತಾದರೆ ಉಳಿದದ್ದು ಸುಲಭ.

ವಿಕ್ಕಾವನ್ನು ಲೋಕದ ಮುಂದೆ ತಂದವರು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಲಿವರ್‌ಪೂಲಿನ ಹತ್ತಿರ ಹುಟ್ಟಿದವರು. ಚಿಕ್ಕಂದಿನಿಂದಲೂ ದಮ್ಮಿನ ಕಾಯಿಲೆ, ಹಾಗಾಗಿ ಶಾಲೆಯ ಓದು ಅಷ್ಟಕ್ಕಷ್ಟೆ. 1900ರಲ್ಲಿ, ಹದಿನಾರರ ಪ್ರಾಯದಲ್ಲಿ, ಸಿಲೋನಿನ ಚಹಾ ತೋಟಕ್ಕೆ ಕೆಲಸಕ್ಕೆ ಬಂದರು. ಅಲ್ಲಿಂದ ಬೋರ್ನಿಯೊ, ಬಳಿಕ ಮಲಯ. ನಮ್ಮ ಮೂಡು ದಿಕ್ಕಿನ ಗುಡ್ಡಗಳಲ್ಲಿ ಇಂದು ಕಾಣುವಂಥ ರಬ್ಬರ್ ತೋಟಗಳ ಮೇಲ್ವಿಚಾರಣೆ, ಆಮೇಲೆ ಸುಂಕ ಇಲಾಖೆಯ ಸರಕಾರಿ ನೌಕರಿ. ಬಿಡುವಿನಲ್ಲಿ ಅವರು ಮಾಡಿದ್ದು ಊರಿನವರ ನಂಬಿಕೆಗಳನ್ನು ಹತ್ತಿರದಿಂದ ನೋಡುವ ಕೆಲಸ. ಮಲಯದ ‘ಕ್ರಿಸ್’ ಎಂಬ ಅಲೆಯಲಗಿನ ಕಠಾರಿಯ ಬಗ್ಗೆ 1936ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಆ ಕಠಾರಿಯಲ್ಲಿ ಶಕ್ತಿ ನೆಲೆಸಿರುತ್ತದೆ ಎಂದು ಅಲ್ಲಿನವರ ನಂಬಿಕೆ. ಮುಂದೆ ವಿಕ್ಕಾದ ಪೂಜೆಯಲ್ಲಿ ಕಪ್ಪು ಹಿಡಿಯ ಕತ್ತಿಯೊಂದು ಬಂದು ಕುಳಿತದ್ದಕ್ಕೂ ಇದಕ್ಕೂ ನಂಟಿದೆ ಎಂದು ನನಗೆ ಅನಿಸುತ್ತದೆ.

ಅದೇ 1936ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ಗಾರ್ಡ್ನರ್, 1938ರಲ್ಲಿ ಕಡಲ ಕರೆಯ ಹೈಕ್ಲಿಫ್ ಎಂಬಲ್ಲಿ ಮನೆ ಮಾಡಿದರು. ಪಕ್ಕದ ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿ ರೋಸಿಕ್ರೂಷಿಯನ್ ಎಂಬ ಗುಪ್ತವಿದ್ಯೆಯ ಪಂಥದವರ ನಾಟಕಶಾಲೆಯೊಂದಿತ್ತು. ಅಲ್ಲಿಗೆ ಬರುತ್ತಿದ್ದವರಲ್ಲಿ ಮೇಬಲ್ ಬೆಸೆಂಟ್ ಸ್ಕಾಟ್ ಒಬ್ಬರು. ಈಕೆ ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದ, 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ ನಮ್ಮ ಆನಿ ಬೆಸೆಂಟರ ಮಗಳು. ವಿಕ್ಕಾದವರಲ್ಲಿ ಪುನರ್ಜನ್ಮದ ನಂಬಿಕೆ ಇದೆ, ಮಾಡಿದ್ದು ಮರಳಿ ಬರುತ್ತದೆ ಎಂಬ ನಂಬಿಕೆಯೂ ಇದೆ. ಅದು ಯಾವ ದಾರಿಯಿಂದ ಅಲ್ಲಿಗೆ ತಲುಪಿರಬಹುದು ಎಂದು ಹುಡುಕುವವರು ಥಿಯಾಸಫಿಯನ್ನು ಬಿಟ್ಟು ಹೋಗುವಂತಿಲ್ಲ.

ಈ ನಾಟಕಶಾಲೆಯ ಗೆಳೆಯರ ಮೂಲಕ, ನ್ಯೂ ಫಾರೆಸ್ಟ್ ಎಂಬ ಕಾಡಿನ ಸುತ್ತ ಗುಟ್ಟಾಗಿ ಬದುಕಿದ್ದ ಒಂದು ಪ್ರಾಚೀನ ಮತದ ಗುಂಪು ತನಗೆ ಸಿಕ್ಕಿತು, 1939ರಲ್ಲಿ ಅವರಿಂದ ದೀಕ್ಷೆಯಾಯಿತು ಎಂದು ಗಾರ್ಡ್ನರ್ ಹೇಳಿಕೊಂಡರು. ಅಂಥದೊಂದು ಸಣ್ಣ ಗುಂಪು ಇದ್ದಿರಬಹುದು. ಆದರೆ ಅದು ಪ್ರಾಚೀನ ಕಾಲದಿಂದ ಕಡಿಯದೆ ಬಂದದ್ದು ಎನ್ನುವುದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1999ರಲ್ಲಿ ಈ ಇಡೀ ಚರಿತ್ರೆಯನ್ನು ಜಾಲಾಡಿ ತೋರಿಸಿದ್ದಾರೆ: ಇದು ಇಪ್ಪತ್ತನೆಯ ಶತಮಾನದ ಮತ. ಹಾಗೆಂದು ಅವರು ಅದನ್ನು ಹೀಗಳೆಯಲಿಲ್ಲ. ಇಂಗ್ಲೆಂಡ್ ಜಗತ್ತಿಗೆ ಕೊಟ್ಟ ಒಂದೇ ಒಂದು ಮತ ಇದು ಎಂದು ಗೌರವದಿಂದಲೇ ಬರೆದರು.

ಹಾಗಾದರೆ ಸಾವಿರಾರು ವರ್ಷದ ಕಥೆ ಎಲ್ಲಿಂದ ಬಂತು? ಮಾರ್ಗರೆಟ್ ಮರ್ರೆ ಎಂಬ ವಿದುಷಿಯಿಂದ. ಈಕೆ 1863ರಲ್ಲಿ ನಮ್ಮ ಕಲ್ಕತ್ತದಲ್ಲೇ ಹುಟ್ಟಿದವರು, ಈಜಿಪ್ಟಿನ ಪುರಾತತ್ತ್ವದಲ್ಲಿ ದೊಡ್ಡ ಹೆಸರು. ಯುರೋಪಿನಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ನಿಜವಾಗಿ ಕ್ರೈಸ್ತಪೂರ್ವ ಫಲದೇವತೆಯ ಆರಾಧಕರು ಎಂದು 1921ರಲ್ಲಿ ಒಂದು ವಾದ ಹೂಡಿದರು. ವಿಚಾರಣೆಯ ದಾಖಲೆಗಳಿಂದ ತನಗೆ ಬೇಕಾದ ವಾಕ್ಯಗಳನ್ನು ಮಾತ್ರ ಹೆಕ್ಕಿಕೊಂಡರು ಎಂದು ಬಳಿಕದ ಇತಿಹಾಸಕಾರರು ತೋರಿಸಿಕೊಟ್ಟರು, ವಾದ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಗಾರ್ಡ್ನರ್ ಅದನ್ನು ನಂಬಿ ಆಗಿತ್ತು. ಗಾರ್ಡ್ನರ್ ಈ ಮತವನ್ನು ಲೋಕದ ಮುಂದಿಟ್ಟ 1954ರ ಪುಸ್ತಕಕ್ಕೆ ಮುನ್ನುಡಿ ಬರೆದವರೂ ಮರ್ರೆಯವರೇ.

1954ರವರೆಗೆ ಏಕೆ ಕಾಯಬೇಕಾಯಿತು ಎಂಬುದಕ್ಕೆ ಕಾನೂನಿನ ಕಾರಣ ಇದೆ. ಇಂಗ್ಲೆಂಡಿನಲ್ಲಿ 1735ರ ಒಂದು ಕಾಯಿದೆ ಇತ್ತು. ಮಾಟ ಎಂಬುದು ಇಲ್ಲವೇ ಇಲ್ಲ, ಅಂಥ ಶಕ್ತಿ ಉಂಟೆಂದು ಹೇಳಿಕೊಳ್ಳುವವರಿಗೆ ಶಿಕ್ಷೆ ಎನ್ನುವ ಕಾಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲೂ, 1944ರಲ್ಲಿ, ಸತ್ತವರೊಡನೆ ಮಾತಾಡುತ್ತೇನೆ ಎನ್ನುತ್ತಿದ್ದ ಹೆಲೆನ್ ಡಂಕನ್ ಎಂಬ ಹೆಂಗಸಿಗೆ ಇದೇ ಕಾಯಿದೆಯಡಿ ಒಂಬತ್ತು ತಿಂಗಳ ಜೈಲಾಯಿತು. 1951ರಲ್ಲಿ ಕಾಯಿದೆ ರದ್ದಾಯಿತು. ಗಾರ್ಡ್ನರ್ ಬಾಯಿ ಬಿಟ್ಟದ್ದು ಅದರ ನಂತರ.

ಈ ಕಥೆಯಲ್ಲಿ ನನಗೆ ಅತ್ಯಂತ ಗೌರವ ಇರುವುದು ಗಾರ್ಡ್ನರ್ ಮೇಲಲ್ಲ, ಡೊರೀನ್ ವ್ಯಾಲಿಯೆಂಟೆ ಎಂಬ ಹೆಣ್ಣುಮಗಳ ಮೇಲೆ. 1953ರಲ್ಲಿ ದೀಕ್ಷೆ ಪಡೆದ ಈಕೆ, ಗಾರ್ಡ್ನರ್ ‘ಪುರಾತನ’ ಎಂದು ಕೊಟ್ಟ ಪೂಜಾ ಪುಸ್ತಕವನ್ನು ಓದಿದಾಗಲೇ, ಇದರಲ್ಲಿ ಕೆಲವು ಸಾಲುಗಳು ಅಲಿಸ್ಟರ್ ಕ್ರೌಲಿ ಎಂಬ ಸಮಕಾಲೀನ ತಾಂತ್ರಿಕನವು ಎಂದು ಗುರುತಿಸಿದರು. ಮುಖಕ್ಕೇ ಹೇಳಿದರು. ಹಾಗಾದರೆ ನೀನೇ ಚೆನ್ನಾಗಿ ಬರೆ ನೋಡೋಣ ಎಂಬ ಧಾಟಿಯಲ್ಲಿ ಗಾರ್ಡ್ನರ್ ಪುಸ್ತಕವನ್ನು ಅವರ ಕೈಗೇ ಒಪ್ಪಿಸಿದರು. ಇಂದು ವಿಕ್ಕಾದವರು ದೇವಿಯ ವಾಣಿ ಎಂದು ಭಕ್ತಿಯಿಂದ ಹೇಳುವ ಗದ್ಯವನ್ನು ಈಗಿನ ರೂಪಕ್ಕೆ ತಂದವರು ಈಕೆ. 1957ರಲ್ಲಿ ಗಾರ್ಡ್ನರ್ ಇನ್ನೊಂದು ಕಟ್ಟು ‘ಹಳೆಯ ಕಟ್ಟಳೆ’ಗಳನ್ನು ಹೊರತೆಗೆದರು; ಪೂಜಾರಿಣಿಗೆ ಪ್ರಾಯವಾದಾಗ ಚಿಕ್ಕ ಪ್ರಾಯದವಳಿಗೆ ಜಾಗ ಬಿಟ್ಟುಕೊಡಬೇಕು ಎಂದು ಅದರಲ್ಲಿತ್ತು. ಇದು ಹಳೆಯದೂ ಅಲ್ಲ, ನ್ಯಾಯವೂ ಅಲ್ಲ ಎಂದು ವ್ಯಾಲಿಯೆಂಟೆ ಎದ್ದು ಹೊರಬಂದರು. ಮತವನ್ನು ಬಿಡಲಿಲ್ಲ, ಸುಳ್ಳನ್ನು ಮಾತ್ರ ಒಪ್ಪಲಿಲ್ಲ. 1999ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ, ಬ್ರೈಟನ್ನಿನಲ್ಲಿ ಅವರಿದ್ದ ಕಟ್ಟಡಕ್ಕೆ 2013ರಲ್ಲಿ ನೀಲಿ ಫಲಕ ಹಾಕಿದ್ದಾರೆ.

ಮತ ಹೊಸದಾದರೆ ಅದರಲ್ಲಿ ಅವಮಾನ ಏನಿದೆ? ಎಪ್ಪತ್ತು ವರ್ಷದ ಹಿಂದೆ ಹುಟ್ಟಿತು ಎಂದರೆ ಸಾಕು. ಅದನ್ನು ಅಳೆಯಬೇಕಾದದ್ದು ಅದು ತನ್ನವರಿಂದ ಏನನ್ನು ಬೇಡುತ್ತದೆ ಎಂಬುದರಿಂದ. ವಿಕ್ಕಾ ಬೇಡುವುದು ಇಷ್ಟು: ಯಾರಿಗೂ ಕೇಡಾಗದಿದ್ದರೆ ನಿನ್ನ ಇಷ್ಟದಂತೆ ನಡೆ. ನೀನು ಮಾಡಿದ್ದು, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೂರು ಪಾಲಾಗಿ ನಿನಗೇ ಮರಳುತ್ತದೆ. ಇದು ಗೊತ್ತಿದ್ದವರು ಅದನ್ನು ಕೇಡು ಬಗೆಯುವ ವಿದ್ಯೆ ಎಂದು ಬರೆಯಲಾರರು.

ದೇವರ ವಿಚಾರ. ಅವರಿಗೆ ದೇವಿ ಇದ್ದಾಳೆ, ದೇವ ಇದ್ದಾನೆ. ದೇವಿ ಚಂದ್ರನಂತೆ ಕನ್ಯೆ, ತಾಯಿ, ಮುದುಕಿ ಎಂದು ಮೂರು ರೂಪದವಳು. ಈ ಮೂರರ ಕಲ್ಪನೆ ಹರಡಿದ್ದು ಕವಿ ರಾಬರ್ಟ್ ಗ್ರೇವ್ಸ್ 1948ರಲ್ಲಿ ಬರೆದ ಮೇಲೆ. ದೇವನಿಗೆ ಜಿಂಕೆಯದೋ ಆಡಿನದೋ ಕೊಂಬು. ಕಾಡಿನ, ಬೇಟೆಯ ದೇವರಾದ್ದರಿಂದ ಕೊಂಬು. ಗ್ರೀಕರ ಪ್ಯಾನ್‌ಗೆ ಇತ್ತು, ಗಾಲ್ ಜನರ ಕೆರ್ನುನ್ನೋಸ್‌ಗೆ ಇತ್ತು. ಸೈತಾನ ಎಂಬವನು ಕ್ರೈಸ್ತರ, ಯಹೂದಿಗಳ, ಮುಸಲ್ಮಾನರ ಕಥೆಯಲ್ಲಿ ಬರುವವನು. ಆ ಕಥೆಯನ್ನೇ ಒಪ್ಪದವರು ಅವನನ್ನು ಪೂಜಿಸುವುದು ಹೇಗೆ? ನಮ್ಮ ಭೂತಗಳಾದ, ಅಂದರೆ ದೈವಗಳಾದ, ಪಂಜುರ್ಲಿಯ ಹಂದಿ ಮೊಗ, ಜುಮಾದಿಯ ಮೊಗ ನೋಡಿ ‘ಡೆವಿಲ್’ ಎಂದು ಬರೆದ ಹಳೆಯ ಪಾದ್ರಿಗಳ ಬರಹವನ್ನು ನಾವು ಒಪ್ಪುವುದಿಲ್ಲ. ಅದೇ ಅಳತೆಗೋಲನ್ನು ಇನ್ನೊಬ್ಬರ ದೇವರ ಮೇಲೆ ನಾವು ಹೂಡುವುದು ಸರಿಯಲ್ಲ.

ಪೂಜೆಗೆ ನೆಲದ ಮೇಲೆ ಒಂದು ವೃತ್ತ ಎಳೆಯುತ್ತಾರೆ. ನಾಲ್ಕು ದಿಕ್ಕಿಗೆ ಪಂಚಭೂತಗಳಲ್ಲಿ ನಾಲ್ಕನ್ನು ಕರೆಯುತ್ತಾರೆ: ಮಣ್ಣು, ಗಾಳಿ, ಬೆಂಕಿ, ನೀರು. ಐದು ಮೂಲೆಯ ನಕ್ಷತ್ರದಲ್ಲಿ ಐದನೆಯ ಮೂಲೆ ಆತ್ಮಕ್ಕೆ. ಪೋಪ್ ಇಲ್ಲ, ಒಂದೇ ಧರ್ಮಗ್ರಂಥ ಇಲ್ಲ, ಮತಾಂತರದ ಪ್ರಚಾರ ಇಲ್ಲ. ಗುಂಪಿನಲ್ಲಿ ಮಾಡುವವರಿದ್ದಾರೆ, ಮನೆಯಲ್ಲಿ ಒಬ್ಬರೇ ಮಾಡುವವರು ಇಂದು ಅವರಿಗಿಂತ ಹೆಚ್ಚು. ಗಾರ್ಡ್ನರ್ ಪಂಗಡದಲ್ಲಿ ಬತ್ತಲೆ ಪೂಜೆ ಇದೆ, ಲೇಖನಕ್ಕೆ ಅದೇ ದೊಡ್ಡ ವಿಷಯವಾಗಿತ್ತು. ಆಟಿ ಅಮಾವಾಸ್ಯೆಯ ನಸುಕಿಗೆ ಕಷಾಯಕ್ಕೆಂದು ಪಾಲೆ ಮರದ ಕೆತ್ತೆ (ತೊಗಟೆ) ತರಲು ಹಿಂದೆ ಗಂಡಸರು ಮೈಮೇಲೆ ಬಟ್ಟೆ ಇಲ್ಲದೆ ಹೋಗುತ್ತಿದ್ದ ನಾಡು ನಮ್ಮದು. ನಮ್ಮ ಅಜ್ಜಂದಿರನ್ನು ಅದಕ್ಕಾಗಿ ಯಾರೂ ಅಸಭ್ಯರು ಎನ್ನಲಿಲ್ಲ.

ಆ ನೆರೆಮನೆಯ ಹೆಂಗಸಿನ ಅಡುಗೆಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಿಟಕಿಯ ಪಕ್ಕ, ಕುಕ್ಕರ್ ಇಡುವ ಕಲ್ಲಿನ ತುದಿಯಲ್ಲಿ ಎರಡು ಗೇಣಿನ ಒಂದು ಹಲಗೆ. ಅದರ ಮೇಲೆ ಕಲ್ಲುಪ್ಪಿನ ಬಟ್ಟಲು, ನೀರಿನ ಬಟ್ಟಲು, ಒಂದು ಮೇಣದ ಬತ್ತಿ, ಊದುಬತ್ತಿಯ ಬೂದಿ ಬಿದ್ದ ತಟ್ಟೆ. ಪಕ್ಕದಲ್ಲಿ ಎರಡು ಕತ್ತಿಗಳು. ಬಿಳಿ ಹಿಡಿಯದ್ದು ಗಿಡಮೂಲಿಕೆ ಕೊಯ್ಯಲು. ಕಪ್ಪು ಹಿಡಿಯದ್ದು ಏನನ್ನೂ ಕೊಯ್ಯಲು ಅಲ್ಲ, ಅದರಿಂದ ವೃತ್ತವನ್ನು ಗಾಳಿಯಲ್ಲಿ ಬರೆಯುವುದು ಮಾತ್ರ. ಕೈಗೆ ಕೊಟ್ಟರು, ನೋಡಿದೆ; ಅಲಗು ಮೊಂಡಾಗಿತ್ತು. ಪಾಲೆಯ ಕೆತ್ತೆಗೆ ಕಬ್ಬಿಣ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು ಎಂದು ನಾನು ಹೇಳಿದಾಗ ಆಕೆ ಒಂದು ನೋಟ್ ಪುಸ್ತಕ ತಂದು ಬರೆದುಕೊಂಡರು. ಮರಕ್ಕೆ ನಿಮ್ಮ ಭಾಷೆಯಲ್ಲಿ ಏನು ಹೆಸರು, ಯಾವ ತಿಂಗಳು, ಯಾವ ಹೊತ್ತು, ಕುಡಿದ ಮೇಲೆ ಏನು ತಿನ್ನುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಮೆಂತೆ ಗಂಜಿಯ ವಿವರ ಹೇಳಲು ಮಗಳೇ ದುಭಾಷಿಯಾದಳು.

ಡಿಸೆಂಬರ್ 21ಕ್ಕೆ, ಅವರ ಯೂಲ್ ಹಬ್ಬದ ದಿನ, ನಮ್ಮನ್ನು ಕರೆದಿದ್ದರು. ಆ ದಿನ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲೆ. ಎಂಟು ಗಂಟೆಯ ಹಗಲು, ಅದೂ ಮಂಕು. ಅವರ ವರ್ಷದ ಎಂಟು ಹಬ್ಬಗಳು ಏಕೆ ಸೂರ್ಯನ ಸುತ್ತಲೇ ಇವೆ ಎಂದು ನನಗೆ ತಿಳಿದದ್ದು ಆ ಕತ್ತಲಲ್ಲಿ. ಡಿಸೆಂಬರಿನಲ್ಲಿ ಸೂರ್ಯ ಮರಳಿ ಹುಟ್ಟುತ್ತಾನೆ, ಫೆಬ್ರವರಿಯ ಮೊದಲಿಗೆ ನೆಲದಿಂದ ಮೊದಲ ಹೂ, ಮಾರ್ಚಿನಲ್ಲಿ ಹಗಲು ರಾತ್ರಿ ಸಮ, ಮೇ 1ಕ್ಕೆ ಬೆಂಕಿ, ಜೂನಿನಲ್ಲಿ ಹದಿನಾರು ಗಂಟೆಯ ಹಗಲು, ಆಗಸ್ಟಿನಲ್ಲಿ ಮೊದಲ ತೆನೆ, ಸೆಪ್ಟೆಂಬರಿನಲ್ಲಿ ಎರಡನೆಯ ಕೊಯ್ಲು, ಅಕ್ಟೋಬರ್ 31ಕ್ಕೆ ಸತ್ತವರ ನೆನಪು. ಈ ಎಂಟನ್ನೂ ಒಂದೇ ಚಕ್ರವಾಗಿ ಜೋಡಿಸಿದ್ದು ಕೂಡ 1950ರ ದಶಕದ ಕೊನೆಗೆ. ನಮ್ಮಲ್ಲಿ ಹಗಲು ವರ್ಷವಿಡೀ ಹೆಚ್ಚುಕಡಿಮೆ ಹನ್ನೆರಡು ಗಂಟೆ. ನಾವು ಕಾಯುವುದು ಬೆಳಕಿಗಲ್ಲ, ಮಳೆಗೆ. ಮಳೆಗೆ ಮುನ್ನ ಪತ್ತನಾಜೆಯ ದಿನ ಕೋಲದವರು ಗೆಜ್ಜೆ ಬಿಚ್ಚುವುದು, ಮಳೆಗಾಲದ ಆಟಿ ತಿಂಗಳಲ್ಲಿ ಕಳಂಜನ ವೇಷ ಮನೆಗೆ ಬರುವುದು, ಹೊಸ ತೆನೆಯ ಕೊರಲು ಕಟ್ಟುವುದು, ಎಲ್ಲವೂ ಮಳೆಯ ಲೆಕ್ಕ. ಆಯಾ ನೆಲದ ಮತ ಆಯಾ ನೆಲದ ಹವೆಗೆ ತಕ್ಕಂತೆ. ಒಂದನ್ನು ಇನ್ನೊಂದರ ಮೇಲೆ ಹೊದೆಸಿದರೆ ಎರಡೂ ಕಾಣದಂತಾಗುತ್ತವೆ.

ಇನ್ನು ಭೂತಾರಾಧನೆಯ ವಿಚಾರಕ್ಕೆ ಬರುತ್ತೇನೆ. ವಿಕ್ಕಾ ಒಬ್ಬ ವ್ಯಕ್ತಿ ತಾನಾಗಿ ಆರಿಸಿಕೊಳ್ಳುವ ಮತ. ಬೇಕಾದರೆ ಸೇರಬಹುದು, ಬೇಡವಾದರೆ ಬಿಡಬಹುದು. ದೈವ ಹಾಗಲ್ಲ. ದೈವದ ಆರಾಧನೆಯನ್ನು ಚಂದ್ರಗಿರಿ ಹೊಳೆಯ ಬಡಗಿನಲ್ಲಿ ಕೋಲ ಎನ್ನುತ್ತೇವೆ, ತೆಂಕಿನಲ್ಲಿ ತೆಯ್ಯಂ ಎನ್ನುತ್ತಾರೆ. ಎರಡೂ ಕಡೆ ದೈವ ಇರುವುದು ಒಂದು ನೆಲಕ್ಕೆ, ಒಂದು ಗುತ್ತಿನ ಮನೆತನಕ್ಕೆ, ಒಂದು ತರವಾಡು ಕುಟುಂಬಕ್ಕೆ ಕಟ್ಟುಬಿದ್ದು. ಜಾಗ ಕೊಂಡವನಿಗೆ ಜಾಗದ ಜೊತೆಗೆ ದೈವದ ಹೊಣೆಯೂ ಬರುತ್ತದೆ. ದೈವಗಳಲ್ಲಿ ಎಷ್ಟೋ ಮಂದಿ ಅನ್ಯಾಯಕ್ಕೆ ಬಲಿಯಾದ ಮನುಷ್ಯರು. ಕಲ್ಕುಡ ಕಲ್ಲುರ್ಟಿ ದೈವಗಳ ಪಾಡ್ದನ (ಹಾಡುಗತೆ) ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೈವದ ವೇಷ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ವರ್ಷವಿಡೀ ತಗ್ಗಿ ನಿಲ್ಲಬೇಕಾದವರು ಆ ಒಂದು ರಾತ್ರಿ ಗುತ್ತಿನ ಯಜಮಾನನನ್ನು ಹೆಸರು ಹಿಡಿದು ಕರೆದು ಪ್ರಶ್ನಿಸುತ್ತಾರೆ. ಜಾತಿಯ ನೋವು, ನ್ಯಾಯದ ಕಟ್ಟಳೆ, ಭೂಮಿಯ ಚರಿತ್ರೆ ಎಲ್ಲ ಅದರೊಳಗಿದೆ. ವಿಕ್ಕಾದಲ್ಲಿ ಇದು ಯಾವುದೂ ಇಲ್ಲ, ಇರಬೇಕೆಂದೂ ಇಲ್ಲ. ಎರಡನ್ನೂ ‘ವಾಮಾಚಾರ’ ಎಂದು ಒಂದೇ ಚೀಲಕ್ಕೆ ತುರುಕುವುದು ಎರಡಕ್ಕೂ ಮಾಡಿದ ಅನ್ಯಾಯ.

ಆ ಶಬ್ದವನ್ನು ಹಗುರವಾಗಿ ಬಳಸಬೇಡಿ ಎನ್ನಲು ಇನ್ನೂ ದೊಡ್ಡ ಕಾರಣ ಇದೆ. ಯುರೋಪಿನಲ್ಲಿ ಸುಮಾರು 1450ರಿಂದ 1750ರವರೆಗೆ ಮಾಟದ ಆರೋಪದಲ್ಲಿ 40,000ದಿಂದ 60,000 ಮಂದಿಯನ್ನು ಕೊಂದರು ಎಂದು ಇತಿಹಾಸಕಾರರ ಲೆಕ್ಕ. ಹೆಚ್ಚಿನವರು ಹೆಂಗಸರು. (ತೊಂಬತ್ತು ಲಕ್ಷ ಎಂದು ಲೇಖನದಲ್ಲಿದ್ದ ಸಂಖ್ಯೆ ಬಹಳ ಹಿಂದೆಯೇ ತಿರಸ್ಕೃತವಾದದ್ದು.) ಅವರಲ್ಲಿ ಯಾರೂ ವಿಕ್ಕಾದವರಲ್ಲ, ಆ ಮತ ಆಗ ಇರಲೇ ಇಲ್ಲ. ನೆರೆಹೊರೆಯವರ ಸಿಟ್ಟಿಗೆ, ಆಸ್ತಿಯ ಜಗಳಕ್ಕೆ, ಸತ್ತ ಹಸುವಿಗೆ ಕಾರಣ ಬೇಕಾದಾಗ ಸಿಕ್ಕಿದ ಬಡ ಹೆಂಗಸರು. ನಮ್ಮ ದೇಶದಲ್ಲಿ ಇದು ಚರಿತ್ರೆಯೂ ಆಗಿಲ್ಲ. ‘ದಾಯನ್’ (ಮಾಟಗಾತಿ) ಎಂದು ಹೆಂಗಸರನ್ನು ಹೊಡೆದು ಕೊಲ್ಲುವುದನ್ನು ತಡೆಯಲು ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ, ಛತ್ತೀಸ್‌ಗಢ 2005ರಲ್ಲಿ ಕಾನೂನು ತರಬೇಕಾಯಿತು. ಹಾಗೆ ಹಿಂಸೆ ತಿಂದು ಬದುಕಿ, ಬೇರೆ ಹೆಂಗಸರನ್ನು ಕಾಪಾಡಲು ನಿಂತ ಜಾರ್ಖಂಡಿನ ಛುಟ್ನಿ ಮಹತೋ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅವರ ಫೋಟೋವನ್ನು ಪತ್ರಿಕೆಗಳು ಹಾಕಿದ್ದವು. ಅಂಥ ದೇಶದಲ್ಲಿ ಪುರವಣಿಯ ಮುಖಕ್ಕೆ ಕೋಲು ಸವಾರಿಯ ಮುದುಕಿಯ ಚಿತ್ರ, ಕೆಳಗೆ ‘ಎಚ್ಚರ, ನಿಮ್ಮ ಪಕ್ಕದ ಮನೆಯಲ್ಲೂ ಇರಬಹುದು’ ಎಂಬ ಸಾಲು ಹಾಕುವುದು ಸರಿಯೇ ಎಂದು ದಯವಿಟ್ಟು ಯೋಚಿಸಿ.

ಅಂದಹಾಗೆ, ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಜನಗಣತಿಯಲ್ಲಿ ತಾವು ವಿಕ್ಕಾ ಎಂದು ಬರೆಸಿದವರು ಸುಮಾರು 13,000. ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ 1986ರಲ್ಲೇ ಇದನ್ನು ಮತವೆಂದು ಒಪ್ಪಿತು. ಮಡಿದ ಸೈನಿಕರ ಗೋರಿಯ ಮೇಲೆ ಐದು ಮೂಲೆಯ ನಕ್ಷತ್ರ ಕೆತ್ತಲು 2007ರಲ್ಲಿ ಅಲ್ಲಿನ ಸರಕಾರ ಅನುಮತಿ ಕೊಟ್ಟಿತು.

ನಮಗೂ ಅವರಿಗೂ ನಿಜವಾದ ಸಂಬಂಧ ಎಲ್ಲಾದರೂ ಇದ್ದರೆ ಅದು ಕೆಡ್ಡಸದಲ್ಲಿ. ಪೊನ್ನಿ ತಿಂಗಳ ಕೊನೆಗೆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ಹಾರೆ ಹಿಡಿಯಬಾರದು, ನೇಗಿಲು ಕಟ್ಟಬಾರದು, ಹಸಿರು ಕೊಯ್ಯಬಾರದು. ಕುಚ್ಚಿಲಕ್ಕಿ, ಹುರುಳಿ ಹುರಿದು ಪುಡಿ ಮಾಡಿ, ಬೆಲ್ಲ ಕಾಯಿ ಬೆರೆಸಿ ನನ್ನೆರಿ ಮಾಡುತ್ತೇವೆ. ಕೊನೆಯ ದಿನ ಅಂಗಳದಲ್ಲಿ ಸೆಗಣಿ ಸಾರಿಸಿದ ಜಾಗಕ್ಕೆ ಸೀಗೆ, ಅರಸಿನ, ಕುಂಕುಮ ಇಟ್ಟು ನೆಲಕ್ಕೆ ಎಣ್ಣೆ ಬಿಟ್ಟು ತಾಯಿಯನ್ನು ಮೀಯಿಸುವುದು. ನಮ್ಮ ಅಜ್ಜಿ ಆ ಎಣ್ಣೆ ಬಿಡುವಾಗ ಒಂದು ಮಾತೂ ಆಡುತ್ತಿರಲಿಲ್ಲ, ನಮ್ಮನ್ನೂ ಆಡಲು ಬಿಡುತ್ತಿರಲಿಲ್ಲ. ಫೆಬ್ರವರಿಯಲ್ಲಿ ಬೋರ್ನ್‌ಮತ್‌ನ ಆ ಅಡುಗೆಮನೆಯಲ್ಲಿ ಇದನ್ನು ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: “ನಿಮಗೆ ಇದನ್ನು ಪುಸ್ತಕ ಓದಿ ಕಲಿಯಬೇಕಾಗಲಿಲ್ಲವೇ?”

ಆಕೆಯ ಜನ ಭೂಮಿಯನ್ನು ದೇವಿ ಎಂದು ಮರಳಿ ಕಂಡುಕೊಳ್ಳಲು ಹಳೆಯ ದಾಖಲೆ ಹುಡುಕಿದರು, ಇಲ್ಲದಲ್ಲಿ ಕಲ್ಪಿಸಿಕೊಂಡರು, ತಪ್ಪಾದಲ್ಲಿ ತಿದ್ದಿ ಬರೆದರು. ನಮಗೆ ಕೈಯಲ್ಲೇ ಇತ್ತು. ಆ ಕೈಯಲ್ಲಿದ್ದುದನ್ನು ನಾವು ಏನು ಮಾಡುತ್ತಿದ್ದೇವೆ ಎಂಬುದೇ ನನ್ನ ನಿಜವಾದ ಸಂಕಟ. ಎಣ್ಮಕಜೆಯ ಪಡ್ರೆಯಂಥ ಹಳ್ಳಿಗಳ ಮೇಲೆ, ಮೂರು ದಿನ ಹಾರೆ ತಾಗಿಸದ ನೆಲದ ಮೇಲೆ, ಗೇರು ತೋಟಗಳಿಗೆಂದು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2000ದಲ್ಲಿ ಸಿಂಪರಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹೇರಿತು. ನನ್ನ ತರಗತಿಯಲ್ಲಿ ಕುಳಿತಿದ್ದ ಮಕ್ಕಳ ತಮ್ಮ ತಂಗಿಯರು ಇಂದಿಗೂ ಹಾಸಿಗೆಯಲ್ಲಿದ್ದಾರೆ.

ಅದು ಹೊರಗಿನಿಂದ ಬಂದ ಕೇಡು ಎನ್ನೋಣ. ಬನಗಳನ್ನು ಕಡಿಯುತ್ತಿರುವವರು ನಾವೇ. ನಮ್ಮ ಊರಿನ ಸುತ್ತಮುತ್ತ ನಾಗಬನ ಎಂದರೆ ಅರ್ಧ ಎಕರೆಯಷ್ಟು ದಟ್ಟ ಕಾಡು ಇತ್ತು: ಪಾಲೆ, ಹೆಬ್ಬಲಸು, ಸಂಪಿಗೆ, ಬೆತ್ತದ ಬಲ್ಲೆ. ಒಳಗೆ ಒಣಗಿದ ಕಡ್ಡಿ ಹೆಕ್ಕಲೂ ಅಜ್ಜಿ ಬಿಡುತ್ತಿರಲಿಲ್ಲ. ಈಗ ಅಷ್ಟಮಂಗಲ ಪ್ರಶ್ನೆ ಆಗುತ್ತದೆ, ಜೀರ್ಣೋದ್ಧಾರ ಸಮಿತಿ ಆಗುತ್ತದೆ, ಮೊದಲ ಕೆಲಸಕ್ಕೆ ಜೆಸಿಬಿ ಬರುತ್ತದೆ. ಮರಗಳು ಹೋಗಿ ಕಾಂಕ್ರೀಟ್ ಕಟ್ಟೆ, ಗ್ರಾನೈಟ್ ಹಾಸು, ಸುತ್ತ ಇಂಟರ್‌ಲಾಕ್, ಮೇಲೆ ತಗಡಿನ ಮಾಡು. ನಾಗನ ಕಲ್ಲು ಮಧ್ಯಾಹ್ನದ ಬಿಸಿಲಿಗೆ ಕಾಯುತ್ತದೆ. ನಮ್ಮದೇ ತರವಾಡಿನ ಬನದ ಕೆಳಗಿನ ಗುಡ್ಡದಲ್ಲಿ ಅಜ್ಜನ ಕಾಲದ ಸುರಂಗವೊಂದಿದೆ, ಮುರಕಲ್ಲನ್ನು ಅಡ್ಡಕ್ಕೆ ಕೊರೆದು ತೆಗೆದದ್ದು. ಮೇ ತಿಂಗಳಿನಲ್ಲೂ ಹೆಬ್ಬೆರಳು ಗಾತ್ರದ ನೀರು ಬರುತ್ತಿತ್ತು. ಮೇಲಿನ ಮರಗಳ ಅರ್ಧ ಹೋದ ಮೇಲೆ ಮಾರ್ಚಿಗೇ ಬತ್ತುತ್ತಿದೆ. ಉಳಿದ ಅರ್ಧವನ್ನು ಬರುವ ಬ್ರಹ್ಮಕಲಶಕ್ಕೆ ಮೊದಲು ತೆಗೆಯಬೇಕೆಂದು ಕುಟುಂಬದ ಸಭೆಯಲ್ಲಿ ಮಾತಾಗಿದೆ. ನಾನು ಒಪ್ಪಿಲ್ಲ. ಚಿಕ್ಕಪ್ಪನವರಿಗೂ, ಅವರ ಮಕ್ಕಳಿಗೂ ಇದನ್ನೇ ಹೇಳಿದ್ದೇನೆ: ಕಲ್ಲಿಗೆ ಮಾಡು ಬೇಕೆಂದು ನಾಗ ಕೇಳಿದ್ದಲ್ಲ, ಮರವೇ ಅವನ ಮಾಡು.

ತಮ್ಮಲ್ಲಿ ನನ್ನ ಬೇಡಿಕೆ ಎರಡು. ಲೇಖನದಲ್ಲಿದ್ದ ತಪ್ಪುಗಳಿಗೆ, ಮುಖ್ಯವಾಗಿ ಭೂತಾರಾಧನೆಯ ಬಗೆಗಿನ ಆ ವಾಕ್ಯಕ್ಕೆ ಹಾಗೂ ‘ಪಕ್ಕದ ಮನೆ’ಯ ಸಾಲಿಗೆ, ಪುರವಣಿಯಲ್ಲೇ ತಿದ್ದುಪಡಿ ಹಾಕಿ. ಬರುವ ಫೆಬ್ರವರಿಯ ಎರಡನೆಯ ವಾರ ಕೆಡ್ಡಸ ಬರುತ್ತದೆ. ಅದಕ್ಕೆ ಮೊದಲಿನ ಭಾನುವಾರ ಅದೇ ಅರ್ಧ ಪುಟವನ್ನು ಎಣ್ಮಕಜೆ, ಬೆಳ್ಳೂರು, ಪುತ್ತಿಗೆ, ಪೈವಳಿಕೆಯ ಹಿರಿಯ ಹೆಂಗಸರಿಗೆ ಬಿಟ್ಟುಕೊಡಿ. ಬನ ಕಡಿಯದೆಯೇ ಜೀರ್ಣೋದ್ಧಾರ ಮಾಡಿದ ಮನೆಗಳೂ ಈ ಕಡೆ ಇವೆ, ಅವರ ಮಾತೂ ಬರಲಿ. ಬರೆದು ಕೊಡಲು ಅವರಿಗೆ ಪುರುಸೊತ್ತು ಇರಲಿಕ್ಕಿಲ್ಲ. ತಮ್ಮ ವರದಿಗಾರರನ್ನು ಕಳುಹಿಸಿದರೆ ನಾನೇ ಜೊತೆಗೆ ಬಂದು ಮನೆ ಮನೆ ತೋರಿಸುತ್ತೇನೆ. ಬದಿಯಡ್ಕದಿಂದ ಪೆರ್ಲದ ಬಸ್ಸು ಹತ್ತಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಿಕೆ,
ಬದಿಯಡ್ಕ, ಕಾಸರಗೋಡು ಜಿಲ್ಲೆ